ಆಗಸ್ಟ್ ಇಪ್ಪತ್ತನಾಲ್ಕರ ಕಂತು

ರವೀಂದ್ರನಗರ, ಶಿವಮೊಗ್ಗ
16-4-2007

ಅಪ್ಪನಿಗೆ,

ಕಳೆದ ತಿಂಗಳು ನಿಮ್ಮ ಕ್ರೆಡಿಟ್ ಕಾರ್ಡಿನ ಸಾಲದ ವಸೂಲಿಗೆ ಬಂದವನು ನಮ್ಮ ಶಾಲೆಯ ಆಫೀಸಿನಲ್ಲಿ ನಿಂತು, ಏಳನೇ ಕ್ಲಾಸಿನ ಮಕ್ಕಳೆಲ್ಲ ಕಿಟಕಿಯಲ್ಲಿ ಮುಖ ಇಟ್ಟು ನೋಡುತ್ತಿರುವಾಗ, "ಎಲ್ಲಿದಾರ್ರೀ ನಿಮ್ಮಪ್ಪ? ಕಾರ್ಡ್ ಉಜ್ಜೋವಾಗ ಇದ್ದ ಕೈ ಈಗೆಲ್ಲಿ ಹೋಯ್ತು?" ಎಂದು ಕೂಗಿದ. ಆವತ್ತಿನಿಂದ ನಾನು ಮನೆಗೆ ಬಂದಿಲ್ಲ, ಫೋನೂ ಮಾಡಿಲ್ಲ. ನನ್ನ ಶಾಲೆಯ ವಿಳಾಸ, ಮೊಬೈಲ್ ನಂಬರು ಎರಡನ್ನೂ ಅವನಿಗೆ ಕೊಟ್ಟವರು ನೀವು. ಕೂರಿಸಿ, ಟೀ ಕುಡಿಸಿ ಕೊಟ್ಟಿರೆಂದು ಅವನೇ ಹೇಳಿದ. ಈಗ ಬೇರೆ ನಂಬರು ತೆಗೆದುಕೊಂಡಿದ್ದೇನೆ. ಅದು ನಿಮಗೆ ಸಿಗುವುದಿಲ್ಲ. ಯಾರಾದರೂ ಸ್ವಲ್ಪ ಪ್ರೀತಿಯಿಂದ ಕೇಳಿದರೆ ಸಾಕು, ನೀವು ಕೊಟ್ಟುಬಿಡುತ್ತೀರಿ. ನೀವಂತೂ ವಸೂಲಿಯವರ ಕಾಟ ತಾಳಲಾರದೆ ಮನೆಯ ಫೋನಿನ ವೈರನ್ನೇ ಕಿತ್ತಿಟ್ಟಿದ್ದೀರಿ. ಹಾಗಾಗಿ ಹದಿನೆಂಟು ಕಿಲೋಮೀಟರಿಗೆ ಈ ಕಾಗದ.

ಬ್ಯಾಂಕಿನವರ ಜೊತೆ ಒಂದು ಒಪ್ಪಂದ ಮಾಡಿಕೊಂಡು ಬಂದಿದ್ದೇನೆ. ನಿಮ್ಮ ಸಹಿ ಬೇಕಿರುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಸಹಿ ಮಾಡಿ ಕಳಿಸಿ. ಬಾಕಿ ಐವತ್ತೆರಡು ಸಾವಿರ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಇದ್ದ ಬಡ್ಡಿಯನ್ನು ಒಂದು ರೂಪಾಯಿಗೆ ಇಳಿಸಿದ್ದಾರೆ. ತಿಂಗಳಿಗೆ ಎರಡು ಸಾವಿರದ ಆರುನೂರರಂತೆ ಇಪ್ಪತ್ಮೂರು ಕಂತು. ಸಾವಿರದ ಆರುನೂರು ನಾನು ಎಂ.ಒ. ಮಾಡುತ್ತೇನೆ, ಸಾವಿರ ನಿಮ್ಮದು. ಪ್ರತಿ ತಿಂಗಳು ಇಪ್ಪತ್ತನಾಲ್ಕನೇ ತಾರೀಖಿನೊಳಗೆ ಕಟ್ಟಬೇಕು. ಒಂದೇ ಒಂದು ದಿನ ತಡವಾದರೂ ಒಪ್ಪಂದ ಬಿದ್ದುಹೋಗುತ್ತದೆ, ಬಡ್ಡಿ ಮತ್ತೆ ಮೇಲಕ್ಕೆ ಹೋಗುತ್ತದೆ. ಇದನ್ನು ಎರಡು ಸಲ ಓದಿ.

ಬ್ಯಾಂಕು ಇರುವುದು ಶಿವಮೊಗ್ಗದಲ್ಲಿ, ನಾನಿರುವುದೂ ಶಿವಮೊಗ್ಗದಲ್ಲಿ, ನಾನೇ ಯಾಕೆ ಕಟ್ಟಬಾರದು ಎಂದು ಕೇಳುತ್ತೀರಿ. ಸಾಲ ಮಾಡಿದವರೇ ಬಸ್ಸು ಹತ್ತಿ ಬಂದು, ಸಾಲಿನಲ್ಲಿ ನಿಂತು ಕಟ್ಟಬೇಕು. ನನಗೆ ಅಷ್ಟಾದರೂ ಬೇಕು. ಬ್ಯಾಂಕಿನಿಂದ ಬರುವ ಕಾಗದಗಳು ಇನ್ನು ಮೇಲೆ ನನ್ನ ವಿಳಾಸಕ್ಕೆ ಬರುತ್ತವೆ. ನೀವು ಅವನ್ನು ಒಡೆಯದೆ ಫ್ರಿಜ್ಜಿನ ಮೇಲೆ ಇಡುವ ಅಭ್ಯಾಸ ನನಗೆ ಗೊತ್ತಿದೆ.

ಅಮ್ಮನಿಗೆ ಹೇಳಿ.

ಇಂಪನಾ


ಜನ್ನಾಪುರ, ಭದ್ರಾವತಿ
26-4-2007

ಚಿ. ಇಂಪನಾಳಿಗೆ,

ನಿಮ್ಮಮ್ಮನ ಮಂಡಿ, ನನ್ನ ಮಾನ, ಇವೆರಡನ್ನು ಬಿಟ್ಟರೆ ಇಲ್ಲಿ ಮಿಕ್ಕಿದ್ದೆಲ್ಲ ನೆಟ್ಟಗಿದೆ.

ಮೊದಲ ಕಂತು ಕಟ್ಟಿದೆ. ರಸೀದಿ ಇದರ ಜೊತೆಗೇ ಇದೆ. ಕಳಕೊಂಡು ನನ್ನ ತಲೆಗೆ ಕಟ್ಟಬೇಡ. ಇಪ್ಪತ್ತನಾಲ್ಕು ಮಂಗಳವಾರ ಬಂದಿತ್ತು. ಮಂಗಳವಾರ, ಶುಕ್ರವಾರ ಮನೆಯ ದುಡ್ಡು ಹೊಸಿಲು ದಾಟಬಾರದು ಎಂದು ನಿಮ್ಮಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ನಿನ್ ಮಂಗಳವಾರ ಬ್ಯಾಂಕಿನೋರಿಗೆ ಗೊತ್ತಿಲ್ಲ ಕಣೇ, ಸರಿ ಆ ಕಡೆಗೆ" ಎಂದು ಹೊರಟೆ. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ನೀನೂ ಇಲ್ಲ, ಅವಳೂ ಇಲ್ಲ. ಮನೆಯಲ್ಲಿ ಫ್ರಿಜ್ಜೊಂದೇ ಗುರ್ ಅನ್ನುತ್ತಾ ಮಾತಾಡುತ್ತಿದೆ.

ನಿನ್ನ ವ್ಯವಸ್ಥೆ ಚೆನ್ನಾಗಿದೆ ಮಾರಾಯ್ತಿ. ದುಡ್ಡು ಶಿವಮೊಗ್ಗದಿಂದ ಭದ್ರಾವತಿಗೆ ಪೋಸ್ಟಿನಲ್ಲಿ ಬರುತ್ತದೆ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ನನ್ನ ಜೇಬಿನಲ್ಲಿ ಹೋಗುತ್ತದೆ. ಪೋಸ್ಟಿನವರಿಗೆ ಕಮಿಷನ್ನು, ಬಸ್ಸಿನವರಿಗೆ ಟಿಕೆಟ್ಟು. ನಮ್ಮಿಂದ ಎಷ್ಟು ಜನ ಬದುಕಿದರು ನೋಡು. ಬ್ಯಾಂಕಿನಲ್ಲಿ ಎಲ್ಲ ಗಾಜು, ಎಲ್ಲ ತಣ್ಣಗೆ. ಕ್ರೇನಿನ ಕ್ಯಾಬಿನ್ನಿನಲ್ಲಿ ಕರಗಿದ ಕಬ್ಬಿಣದ ಮೇಲೆ ಮೂವತ್ತು ವರ್ಷ ಕೂತವನಿಗೆ ಆ ತಂಪಿನಲ್ಲಿ ಬೆವರು ಬಂತು. ಕೌಂಟರಿನಲ್ಲಿ ಜನಾರ್ದನ ಎಂಬ ಆಫೀಸರು. ಒಳ್ಳೆಯವನ ಥರ ಕಾಣುತ್ತಾನೆ, ಆದರೆ ಮುಖ ನೋಡಿ ಮಾತಾಡುವುದಿಲ್ಲ, ಕಂಪ್ಯೂಟರಿಗೆ ಹೇಳುತ್ತಾನೆ.

ಒಂದು ಮಾತು ಬರೆದುಬಿಡುತ್ತೇನೆ. ಫ್ರಿಜ್ಜಿಗೆ, ಬಣ್ಣದ ಟಿ.ವಿ.ಗೆ ಕಾರ್ಡು ಉಜ್ಜಿದ್ದಕ್ಕೆ ನನಗೆ ನಾಚಿಕೆಯಿದೆ. ಫ್ಯಾಕ್ಟರಿ ಬಿಟ್ಟು ಬಂದಮೇಲೆ ಕೈಯಲ್ಲಿ ಅಧಿಕಾರವಿಲ್ಲದೆ ಒದ್ದಾಡುತ್ತಿದ್ದೆ. ಟೈ ಕಟ್ಟಿದ ಹುಡುಗ "ಸರ್" ಎಂದು ಕರೆದು ಕಾರ್ಡು ಕೊಟ್ಟಾಗ ಕ್ರೇನ್ ಮತ್ತೆ ಕೈಗೆ ಬಂದಂತಾಯಿತು. ಆದರೆ ಮುರುಗೇಶಪ್ಪನ ಹೆಂಡತಿಯ ಆಪರೇಷನ್ನಿಗೆ ಉಜ್ಜಿದ್ದಕ್ಕೆ ನಾಚಿಕೆಯಿಲ್ಲ. ಅವನು ನನ್ನ ಜೊತೆ ಹದಿನಾಲ್ಕು ವರ್ಷ ಶಿಫ್ಟು ಮಾಡಿದವನು. ವಾಪಸು ಕೊಡದೆ ಊರು ಬಿಟ್ಟ, ಸರಿ. ಆ ಹೆಣ್ಣುಮಗಳು ಬದುಕಿದ್ದಾಳೆ.

ಬರುವಾಗ ನಿನ್ನ ಮನೆ ಓನರ್ ವಸಂತಮ್ಮನವರ ಹತ್ತಿರ ಚಟ್ನಿಪುಡಿ ಡಬ್ಬಿ ಕೊಟ್ಟು ಬಂದೆ. ಸಿಕ್ಕಿತೇ? ಚಿಕ್ಕಂದಿನಿಂದ "ಅಪ್ಪಾ, ನೀನು" ಎನ್ನುತ್ತಿದ್ದವಳು ಕಾಗದದ ತುಂಬ "ನೀವು" ಎಂದು ಬರೆದಿದ್ದೀಯ. ಬ್ಯಾಂಕಿನವರೂ ನನ್ನನ್ನು ಹಾಗೇ ಕರೆಯುತ್ತಾರೆ.

ಆಶೀರ್ವಾದಗಳೊಂದಿಗೆ,
ನಿಮ್ಮಪ್ಪ
ಓಬಯ್ಯ


ರವೀಂದ್ರನಗರ, ಶಿವಮೊಗ್ಗ
30-6-2007

ಅಪ್ಪನಿಗೆ,

ಏಪ್ರಿಲ್, ಮೇ, ಜೂನ್ ಮೂರೂ ರಸೀದಿಗಳು ಸಿಕ್ಕಿವೆ. ಫೈಲಿನಲ್ಲಿ ಇಟ್ಟಿದ್ದೇನೆ. ಚಟ್ನಿಪುಡಿಯೂ ಸಿಕ್ಕಿತು. ಖಾರ ಜಾಸ್ತಿ ಎಂದು ಅಮ್ಮನಿಗೆ ಹೇಳಿ.

ಒಂದು ವಿಷಯ ತಿಳಿಸಬೇಕು. ನಮ್ಮ ಶಾಲೆಯ ಲೈಬ್ರರಿಯ ಮೇಷ್ಟ್ರು ಬರುವ ಜೂನಿಗೆ ರಿಟೈರ್ ಆಗುತ್ತಾರೆ. ಹೆಡ್‌ಮಾಸ್ಟರ್ ಗೋವಿಂದಯ್ಯನವರು ನನ್ನನ್ನು ಕರೆದು, "ಅಂಚೆಯಲ್ಲಿ ಲೈಬ್ರರಿ ಸರ್ಟಿಫಿಕೇಟ್ ಕೋರ್ಸ್ ಇದೆಯಲ್ಲಮ್ಮ, ಅದನ್ನ ಮುಗಿಸ್ಕೊ. ಆ ಜಾಗ ನಿನಗೇ ಬಿಡ್ತೀನಿ, ಪರ್ಮನೆಂಟು" ಎಂದರು. ಈಗಿನ ಗುಮಾಸ್ತೆ ಕೆಲಸಕ್ಕೆ ನಾಲ್ಕೂವರೆ ಸಾವಿರ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಲೈಬ್ರರಿಯಾದರೆ ಎಂಟು ಸಾವಿರ. ಕೋರ್ಸಿನ ಫೀಸು ಆರು ಸಾವಿರ, ನವೆಂಬರ್ ಹದಿನೈದು ಕೊನೆಯ ದಿನ. ಪೋಸ್ಟಾಫೀಸಿನ ಪುಸ್ತಕದಲ್ಲಿ ಕೂಡಿಡುತ್ತಿದ್ದೇನೆ. ಮಧ್ಯಾಹ್ನದ ಬಸ್ಸು ಬಿಟ್ಟು ನಡೆಯುತ್ತಿದ್ದೇನೆ. ಸಂಜೆ ಇಬ್ಬರು ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ.

ಒಂದು ಕಡೆ ಕೂರಲು ಆಗುತ್ತಿಲ್ಲ. ತರಗತಿಗೆ ಬೆಲ್ ಹೊಡೆದರೂ ಬ್ಯಾಂಕಿನವರು ಬಂದರೇನೋ ಎನ್ನಿಸಿ ಎದ್ದು ಬಾಗಿಲು ನೋಡುತ್ತೇನೆ. ಇದು ಮುಗಿಯಬೇಕು. ಅಷ್ಟೇ ನನಗೆ ಬೇಕಾಗಿರುವುದು.

ಇಂಪನಾ


ಜನ್ನಾಪುರ, ಭದ್ರಾವತಿ
29-8-2007

ಚಿ. ಇಂಪನಾಳಿಗೆ,

ಆಗಸ್ಟ್ ಕಂತು ಕಟ್ಟಿದ್ದೇನೆ.

ವರಮಹಾಲಕ್ಷ್ಮಿ ಹಬ್ಬ ಚೆನ್ನಾಗಿ ಆಯಿತು. ನಿಮ್ಮಮ್ಮ ಪ್ರತಿ ವರ್ಷದ ಹಾಗೆ ಬೆಳ್ಳಿ ಚೊಂಬಿನ ಕಲಶ ಇಟ್ಟು, ಬೆಳ್ಳಿ ಮುಖ ಕಟ್ಟಿ, ನಿನ್ನ ಹಸಿರು ರೇಷ್ಮೆ ಲಂಗ ಉಡಿಸಿದ್ದಳು. ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಬಂದವರು "ಈ ಸಲ ಇಂಪನಾ ಬರ್ಲಿಲ್ವ?" ಎಂದರು. ಶಾಲೆಯಲ್ಲಿ ಪರೀಕ್ಷೆ ಎಂದಳು. ಆಗಸ್ಟಿನಲ್ಲಿ ಯಾವ ಪರೀಕ್ಷೆ ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಇಲ್ಲಿ ಮಳೆ ಬಿಟ್ಟಿದೆ. ನನಗೆ ಯಾಕೋ ನಿದ್ದೆ ಸರಿಯಿಲ್ಲ. ಬೆಳಿಗ್ಗೆ ಎದ್ದು ಫ್ಯಾಕ್ಟರಿ ಗೇಟಿನವರೆಗೆ ನಡೆದು ಹೋಗಿ, ಸೈರನ್ ಕೇಳಿ ವಾಪಸು ಬರುತ್ತೇನೆ. ನೀನು ಚಿಕ್ಕವಳಿದ್ದಾಗ ತ್ಯಾವರೆಕೊಪ್ಪದ ಸಫಾರಿಯಲ್ಲಿ ಬೇಲಿಯುದ್ದಕ್ಕೂ ಅತ್ತಿಂದಿತ್ತ ಓಡಾಡುತ್ತಿದ್ದ ಹುಲಿ ನೋಡಿ "ಅದಕ್ಕೆ ಏನಾಗಿದೆಯಪ್ಪಾ?" ಎಂದು ಕೇಳಿದ್ದೆ.

ರಸೀದಿ ಮುಂದಿನ ಕಾಗದದ ಜೊತೆ ಕಳಿಸುತ್ತೇನೆ.

ಓಬಯ್ಯ


ರವೀಂದ್ರನಗರ, ಶಿವಮೊಗ್ಗ
12-9-2007

ಅಪ್ಪನಿಗೆ,

ಬ್ಯಾಂಕಿನಿಂದ ಸೆಪ್ಟೆಂಬರಿನ ಲೆಕ್ಕ ಬಂದಿದೆ. ಅದರಲ್ಲಿ ಒಂದು ಸಾಲು: ಆಗಸ್ಟ್ ಕಂತು ಗಡುವಿನೊಳಗೆ ಬಾರದ ಕಾರಣ ಒಪ್ಪಂದ ರದ್ದಾಗಿದೆ. ಇನ್ನು ಮೇಲೆ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಹತ್ತು ಪೈಸೆ. ಮೊದಲಿದ್ದಿದ್ದಕ್ಕಿಂತ ಹತ್ತು ಪೈಸೆ ಜಾಸ್ತಿಯೇ ಮಾಡಿದ್ದಾರೆ.

ಕೂತು ಲೆಕ್ಕ ಹಾಕಿದೆ. ಏಪ್ರಿಲಿನಲ್ಲಿ ಇಪ್ಪತ್ಮೂರು ಕಂತು ಬಾಕಿ ಇತ್ತು. ಐದು ಕಟ್ಟಿದೆವು. ಈ ಹೊಸ ಬಡ್ಡಿಯಲ್ಲಿ ಈಗಲೂ ಇಪ್ಪತ್ಮೂರೇ ಬಾಕಿ. ನಾನು ಐದು ತಿಂಗಳು ಬಿಸಿಲಲ್ಲಿ ನಡೆದದ್ದು ಎಲ್ಲಿ ಹೋಯಿತು?

ಬ್ಯಾಂಕಿನ ಫೋನ್ ನಂಬರಿಗೆ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಕನ್ನಡಕ್ಕೆ ಐದು ಒತ್ತಿ ಎಂದಿತು. ಐದು ಒತ್ತಿದರೆ ಇಪ್ಪತ್ತು ನಿಮಿಷ ವೀಣೆ ಕೇಳಿಸಿ ಕಟ್ಟಾಯಿತು. ನಾಲ್ಕನೇ ಸಲ ಒಬ್ಬಳು ಸಿಕ್ಕಿದಳು. "ಸಿಸ್ಟಮ್ಮಲ್ಲಿ ಲೇಟ್ ಅಂತ ತೋರಿಸ್ತಿದೆ ಮೇಡಂ" ಎಂದಳು. ಸಿಸ್ಟಮ್ ತಪ್ಪಿದೆ ಎಂದೆ. ನಮ್ಮಪ್ಪ ಏನೇ ದಡ್ಡತನ ಮಾಡಿರಬಹುದು, ಹೊತ್ತು ತಪ್ಪಿಸುವವರಲ್ಲ, ಮೂವತ್ತು ವರ್ಷದಲ್ಲಿ ಒಂದು ದಿನ ಶಿಫ್ಟಿಗೆ ತಡವಾಗಿ ಹೋದವರಲ್ಲ ಎಂದೆ. ಅವಳಿಗೆ ಅದೆಲ್ಲ ಯಾಕೆ ಬೇಕು ಎಂದು ಆಮೇಲೆ ಅನ್ನಿಸಿತು. ನಿಮ್ಮ ಮೇಲೆ ಸಿಟ್ಟಿದ್ದರೂ ಆ ಒಂದು ವಿಷಯದಲ್ಲಿ ನನಗೆ ಯಾವತ್ತೂ ಅನುಮಾನ ಬಂದಿಲ್ಲ.

ಆಗಸ್ಟಿನ ರಸೀದಿ ತಕ್ಷಣ ಕಳಿಸಿ. ಅದನ್ನು ಅವರ ಮುಖದ ಮುಂದೆ ಹಿಡಿಯುತ್ತೇನೆ.

ಇಂಪನಾ


ಜನ್ನಾಪುರ, ಭದ್ರಾವತಿ
20-9-2007

ಚಿ. ಇಂಪನಾಳಿಗೆ,

ನಿನ್ನ ಕಾಗದ ಬಂದು ಐದು ದಿನವಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದೆ.

ಇದು ಯಾವ ಸೀಮೆಯ ನ್ಯಾಯ ಹೇಳು. ನಮ್ಮ ಫ್ಯಾಕ್ಟರಿಯ ಸೊಸೈಟಿಯಲ್ಲಿ ನಾನು ಏಳು ಸಲ ಸಾಲ ತೆಗೆದಿದ್ದೇನೆ. ನಿಮ್ಮಜ್ಜಿಯ ತಿಥಿಗೆ, ನಿನ್ನ ಟೈಫಾಯ್ಡಿಗೆ, ಸೈಕಲ್ಲಿಗೆ. ತೆಗೆದ ದಿನ ಬಡ್ಡಿ ಎಷ್ಟೋ ತೀರಿಸಿದ ದಿನವೂ ಅಷ್ಟೇ. ನಾಲ್ಕು ದಿನ ಹೆಚ್ಚುಕಮ್ಮಿಯಾದರೆ ಸೆಕ್ರೆಟರಿ "ಏನೋ ಓಬಯ್ಯ, ಮರೆತ್ಯಾ?" ಎಂದು ಕೇಳುತ್ತಿದ್ದ, ಅಷ್ಟೇ. ಸಾಲ ತೀರಿಸದೆ ಓಡಿಹೋದವನ ಮೇಲೆ ಬಡ್ಡಿ ಏರಿಸಲಿ, ಬೇಡ ಅನ್ನುವುದಿಲ್ಲ. ಪ್ರತಿ ತಿಂಗಳು ಬಂದು ಸಾಲಿನಲ್ಲಿ ನಿಂತು ಕಟ್ಟುವವನ ಮೇಲೆ ಏರಿಸುವುದು ಹೇಗೆ? ನನ್ನ ತಲೆಗೆ ಹೋಗುತ್ತಿಲ್ಲ.

ರಸೀದಿ ಹುಡುಕುತ್ತಿದ್ದೇನೆ. ಎಲ್ಲೋ ಇಟ್ಟಿದ್ದೇನೆ. ಹಬ್ಬದ ಗಡಿಬಿಡಿ.

ನೀನು ಬ್ಯಾಂಕಿನವರ ಜೊತೆ ಜಗಳಕ್ಕೆ ಹೋಗಬೇಡ ಮಗಳೇ. ದೊಡ್ಡವರ ಜೊತೆ ಜಗಳವಾಡಿ ಗೆದ್ದವರಿಲ್ಲ. ನಾನೇ ಏನಾದರೂ ಮಾಡುತ್ತೇನೆ. ಹಳೇ ಸೇತುವೆಯ ಹತ್ತಿರ ಒಂದು ವೇಬ್ರಿಡ್ಜಿನಲ್ಲಿ ಲಾರಿ ತೂಕದ ಚೀಟಿ ಬರೆಯುವ ಕೆಲಸವಿದೆಯಂತೆ. ಕೇಳಿಕೊಂಡು ಬಂದಿದ್ದೇನೆ.

ನಿಮ್ಮಮ್ಮ ಕೇಳುತ್ತಿದ್ದಾಳೆ, ಕಾಗದದಲ್ಲಿ ಮಗಳು ಏನು ಬರೆದಿದ್ದಾಳೆ ಎಂದು. ಚೆನ್ನಾಗಿದ್ದಾಳಂತೆ ಎಂದೆ.

ಓಬಯ್ಯ


ರವೀಂದ್ರನಗರ, ಶಿವಮೊಗ್ಗ
8-10-2007

ಅಪ್ಪನಿಗೆ,

ನೀವು ಬೇಡ ಎಂದರೂ ಹೋದೆ. ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋಗಿ ಆ ಜನಾರ್ದನ ಎಂಬ ಆಫೀಸರ ಎದುರು ಕೂತೆ. ಅವರು ಕಂಪ್ಯೂಟರ್ ನೋಡಿ, "ಇಪ್ಪತ್ತೈದನೇ ತಾರೀಖು ಕ್ಯಾಶ್ ಬಂದಿದೆಯಲ್ಲಮ್ಮ" ಎಂದರು. ಇಪ್ಪತ್ತೈದಲ್ಲ, ಇಪ್ಪತ್ತನಾಲ್ಕು, ನಿಮ್ಮವರು ಮಾರನೇ ದಿನ ಬರೆದುಕೊಂಡಿದ್ದಾರೆ ಎಂದೆ. ಧ್ವನಿ ಜೋರಾಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನಮ್ಮಪ್ಪ ಸುಳ್ಳು ಹೇಳಲ್ಲ ಸಾರ್, ನಿಮ್ಮ ಮೆಷಿನ್ ಹೇಳುತ್ತೆ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಶಾಲೆಯಲ್ಲಿ ಆ ವಸೂಲಿಯವನು ಕೂಗಿದ ದಿನ ಒಂದೂ ಮಾತು ಬಾರದವಳು ನಾನು. ಆವತ್ತಿನದನ್ನೂ ಸೇರಿಸಿ ಇವತ್ತು ಕೂಗಿದೆ ಅನ್ನಿಸುತ್ತದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ರಸೀದಿ ತಗೊಂಡ್ ಬನ್ನಿ. ತಾರೀಖು ಇಪ್ಪತ್ತನಾಲ್ಕಿದ್ರೆ ನಾನೇ ನಿಂತು ಸರಿ ಮಾಡಿಸ್ತೀನಿ" ಎಂದರು. ರಸೀದಿ ಇಲ್ಲದಿದ್ದರೆ ಇನ್ನೊಂದು ದಾರಿ ಇದೆಯಂತೆ. ಅಕ್ಟೋಬರ್ ಕಂತಲ್ಲದೆ ಎರಡು ಕಂತು ಮುಂಗಡ, ಅದರ ಮೇಲೆ ದಂಡ, ಒಟ್ಟು ಆರು ಸಾವಿರದ ಇನ್ನೂರು ನವೆಂಬರ್ ಐದರೊಳಗೆ ಒಂದೇ ಗಂಟಿನಲ್ಲಿ ಕಟ್ಟಿದರೆ ಹಳೇ ಒಪ್ಪಂದ ಮತ್ತೆ ಊರ್ಜಿತ. ತಪ್ಪಿದರೆ ಈ ಬಡ್ಡಿಯೇ ಕಾಯಂ. ಹೊಸ ವರ್ಷಕ್ಕೆ ಇನ್ನೂ ಏರಬಹುದಂತೆ.

ನನ್ನ ಪೋಸ್ಟಾಫೀಸಿನ ಪುಸ್ತಕದಲ್ಲಿ ಆರು ಸಾವಿರದ ಮುನ್ನೂರಿದೆ. ಅದು ಯಾವುದಕ್ಕೆ ಎಂದು ನಿಮಗೆ ಗೊತ್ತು. ರಸೀದಿಯೊಂದು ಸಿಕ್ಕರೆ ಎರಡೂ ಉಳಿಯುತ್ತವೆ, ಫೀಸೂ, ಒಪ್ಪಂದವೂ. ಸಿಗದಿದ್ದರೆ ಲೈಬ್ರರಿ ಬೇರೆ ಯಾರ ಪಾಲಿಗೋ ಹೋಗುತ್ತದೆ.

ಫ್ರಿಜ್ಜಿನ ಮೇಲೆ ನೋಡಿದಿರಾ? ಟ್ರಂಕಿನಲ್ಲಿ, ಪಂಚಾಂಗದ ಒಳಗೆ, ನಿಮ್ಮ ಹಳೇ ಐಡಿ ಕಾರ್ಡಿನ ಕವರಿನಲ್ಲಿ? ದಯವಿಟ್ಟು ಹುಡುಕಿ.

ಇಂಪನಾ


ಜನ್ನಾಪುರ, ಭದ್ರಾವತಿ
15-10-2007

ಇಂಪನಾ,

ಬ್ಯಾಂಕಿಗೆ ಬರೆದ ಅರ್ಜಿಯ ನಕಲು ಇದರ ಜೊತೆಗಿದೆ. ಬೆಳಿಗ್ಗೆ ನಾನೇ ಹೋಗಿ ಕೊಟ್ಟು ಬಂದೆ. ನಿನಗೆ ಬೇರೆಯಾಗಿ ಬರೆಯಲು ನನ್ನಿಂದ ಆಗಲಿಲ್ಲ.

ಓಬಯ್ಯ

ಗೆ,
ಶಾಖೆಯ ಮ್ಯಾನೇಜರ್‌ರವರು,
ಶಿವಮೊಗ್ಗ

ಮಾನ್ಯರೇ,

ವಿಷಯ: ಆಗಸ್ಟ್ ತಿಂಗಳ ಕಂತು ತಡವಾದ ಬಗ್ಗೆ.

ಭದ್ರಾವತಿ ಜನ್ನಾಪುರದ ವಾಸಿ ಓಬಯ್ಯನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಂಪ್ಯೂಟರ್ ಹೇಳುವುದು ಸರಿ. ನಾನು ಕಂತು ಕಟ್ಟಿದ್ದು ಆಗಸ್ಟ್ ಇಪ್ಪತ್ತೈದು, ಶನಿವಾರ. ರಸೀದಿಯಲ್ಲಿ ಹಾಗೇ ಇದೆ. ಅದು ಕಳೆದಿರಲಿಲ್ಲ. ದೇವರ ಫೋಟೋದ ಹಿಂದೆ ನಾನೇ ಇಟ್ಟಿದ್ದೆ.

ಇಪ್ಪತ್ತನಾಲ್ಕು ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮನೆಯಲ್ಲಿರುವ ದುಡ್ಡು, ಒಡವೆ ಎಲ್ಲವನ್ನೂ ಆವತ್ತು ಕಲಶದ ಮುಂದೆ ಇಟ್ಟು ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಮಾರನೇ ದಿನ ಕಲಶ ಕದಲಿಸುವವರೆಗೆ ಅದನ್ನು ಮುಟ್ಟುವುದಿಲ್ಲ. ನನ್ನ ಹೆಂಡತಿ ಯಲ್ಲಮ್ಮ ಈ ಸಲ ಇಡಲು ಬೇರೆ ದುಡ್ಡಿಲ್ಲದೆ ಕಂತಿನ ಕವರನ್ನೇ ಇಟ್ಟಿದ್ದಳು. ಅವಳ ತಪ್ಪೇನೂ ಇಲ್ಲ. "ತಗೋಬೇಡ್ರಿ" ಎಂದು ಅವಳು ಹೇಳಲಿಲ್ಲ. ಸುಮ್ಮನೆ ನಿಂತು ನನ್ನನ್ನು ನೋಡಿದಳು, ಅಷ್ಟೇ. ನಾನು ಷರಟು ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಕೈ ಚಾಚಿದೆ. ಕವರಿನ ಮೇಲೆ ಅಕ್ಷತೆ, ಹೂವು ಬಿದ್ದಿತ್ತು. ಮಂಗಳವಾರ ಶುಕ್ರವಾರ ಎಂದರೆ ನಗುವವನು ನಾನು. ಆದರೂ ಈ ಮನೆಯಿಂದ ಇನ್ನೇನು ಹೋಗುವುದು ಬಾಕಿ ಇದೆ, ಈ ಲಕ್ಷ್ಮಿಯನ್ನೂ ಎಬ್ಬಿಸಿ ಕಳಿಸಲೇ ಎನ್ನಿಸಿ ಕೈ ಹಿಂದಕ್ಕೆ ಬಂತು. ಒಂದು ದಿನ ತಾನೇ, ಏನಾಗುತ್ತದೆ ಎಂದುಕೊಂಡೆ. ಶನಿವಾರ ಬೆಳಿಗ್ಗೆ ತಮ್ಮ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದೆ.

ನನ್ನ ಮಗಳು ಇಂಪನಾ ತಮ್ಮ ಶಾಖೆಗೆ ಬಂದು ಜೋರಾಗಿ ಮಾತಾಡಿದ್ದಾಳೆ. ಅವಳು ಹೇಳಿದ್ದು ಅವಳು ನಂಬಿದ್ದನ್ನು. ನಾನು ಎರಡು ತಿಂಗಳು ಅವಳನ್ನು ನಂಬಲು ಬಿಟ್ಟೆ. ಅದಕ್ಕೆ ತಾವು ಅವಳ ಮೇಲೆ ಬೇಸರ ಮಾಡಬಾರದು.

ಒಂದು ದಿನದ ತಡಕ್ಕೆ ಒಂದು ದಿನದ ಬಡ್ಡಿ ಹಾಕಿ, ಬೇಕಿದ್ದರೆ ಎರಡರಷ್ಟು ಹಾಕಿ. ಇಪ್ಪತ್ಮೂರು ತಿಂಗಳದ್ದು ಹಾಕಬೇಡಿ ಎಂದು ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಓಬಯ್ಯ, ನಿವೃತ್ತ ಕ್ರೇನ್ ಆಪರೇಟರ್


ಎಂ.ಒ. ಫಾರಮ್ಮಿನ ಕೆಳಗೆ, ಸಂದೇಶದ ಜಾಗದಲ್ಲಿ
19-10-2007

ಅಕ್ಟೋಬರ್ ಕಂತಿಗೆ 1,600. ಬ್ಯಾಂಕಿನವರು ಅರ್ಜಿ ಓದಿದ್ದಾರೆ, ನಿಯಮದಲ್ಲಿ ಆ ಕಾರಣ ಇಲ್ಲವಂತೆ. ನವೆಂಬರ್ 3 ಶನಿವಾರ ಫೀಸಿನ ದುಡ್ಡು ತೆಗೆದು ಬ್ಯಾಂಕಿಗೆ ಕಟ್ಟುತ್ತೇನೆ. ಇನ್ನು ಕಾಗದ ಬರೆಯಬೇಡಿ.
ಇಂಪನಾ


ಜನ್ನಾಪುರ, ಭದ್ರಾವತಿ
2-11-2007, ಶುಕ್ರವಾರ

ಇಂಪನಾಗೆ,

ನಾನು ಅಮ್ಮ. ಕಾಗದ ಬರೆಯಬೇಡಿ ಎಂದು ನಿಮ್ಮಪ್ಪನಿಗೆ ಹೇಳಿದ್ದೀಯ, ನನಗೆ ಹೇಳಿಲ್ಲ. ಏಳನೇ ಕ್ಲಾಸಿನ ಮೇಲೆ ಪೆನ್ನು ಹಿಡಿದಿದ್ದು ಕಡಿಮೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ನಾಳೆ ನೀನು ಬ್ಯಾಂಕಿಗೆ ಹೊರಡುವ ಮೊದಲೇ ಸಿಗಲಿ ಎಂದು ಮೊದಲ ಬಸ್ಸಿಗೆ ನಿಮ್ಮಪ್ಪನನ್ನು ಕಳಿಸಿ ವಸಂತಮ್ಮನವರ ಕೈಗೆ ಕೊಡಿಸುತ್ತೇನೆ.

ಬಡ್ಡಿ ಏರಿದ್ದು, ನೀನು ಬ್ಯಾಂಕಿನಲ್ಲಿ ಜಗಳವಾಡಿದ್ದು, ನಿನ್ನ ಫೀಸಿನ ವಿಷಯ, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ನೀನು ಕ್ಷೇಮ ಎಂದಷ್ಟೇ ಅವರು ಓದಿ ಹೇಳುತ್ತಿದ್ದರು. ನಿನ್ನ ಎಂ.ಒ. ಬಂದ ದಿನ ಅವರು ಊಟ ಬಿಟ್ಟು ಹಿತ್ತಿಲಲ್ಲಿ ಕೂತಿದ್ದು ನೋಡಿ, ಎಲ್ಲ ಕಾಗದ ತೆಗೆದು ನಾನೇ ಓದಿಕೊಂಡೆ. ಮೂರು ದಿನ ಹಿಡಿಯಿತು.

ಆವತ್ತು ನಾನು ತಗೋಬೇಡಿ ಎಂದು ಹೇಳಲಿಲ್ಲ, ನಿಜ. ತಗೊಳ್ಳಿ ಎಂದೂ ಹೇಳಲಿಲ್ಲ. ಅಷ್ಟು ಹೇಳಬೇಕಿತ್ತು. ನಿಮ್ಮಪ್ಪ ಅರ್ಜಿಯಲ್ಲಿ ನನ್ನ ತಪ್ಪಿಲ್ಲ ಎಂದು ಬರೆದಿದ್ದಾರೆ. ಅವರು ಬರೆದ ಮಾತ್ರಕ್ಕೆ ಇಲ್ಲವಾಗುವುದಿಲ್ಲ.

ನಿನ್ನೆ ರಾಜ್ಯೋತ್ಸವದ ರಜೆ. ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ದೇವರ ಪೆಟ್ಟಿಗೆಯಿಂದ ಬೆಳ್ಳಿ ಮುಖ, ಚೊಂಬು, ಎರಡು ದೀಪದ ಕಂಬ ತೆಗೆದು ಟವೆಲಿನಲ್ಲಿ ಸುತ್ತಿಕೊಂಡು ಅಕ್ಕಸಾಲಿ ಕಲ್ಲಪ್ಪನ ಅಂಗಡಿಗೆ ಹೋದೆ. ಮುಖ ನೀನು ಹುಟ್ಟಿದ ವರ್ಷ ಬೋನಸ್ಸಿನಲ್ಲಿ ಮಾಡಿಸಿದ್ದು. ನಿಮ್ಮಪ್ಪ ಹಿಂದೆ ಹಿಂದೆ ಬಂದರು. ಕಲ್ಲಪ್ಪ ಮುಖ ನೋಡಿ ಕೈ ಹಿಂದಕ್ಕೆ ತೆಗೆದ. "ಯಲ್ಲಮ್ಮನೋರೇ, ಇವತ್ತು ಶುಕ್ರವಾರ. ಲಕ್ಷ್ಮೀನ ಇವತ್ತು ಹೆಂಗ್ ತಗೊಳ್ಲಿ? ನಾಳೆ ತನ್ನಿ" ಎಂದ. "ನಾಳೆ ಅಂದಿದ್ದಕ್ಕೇ ಹಿಂಗಾಗಿದ್ದು ಕಲ್ಲಪ್ಪ. ಇವತ್ತೇ ತೂಗು" ಎಂದೆ.

ತೂಗುವಾಗ ನಾನು ನೋಡಲಿಲ್ಲ, ರಸ್ತೆ ಕಡೆ ತಿರುಗಿ ನಿಂತಿದ್ದೆ. ಮುನ್ನೂರು ರೂಪಾಯಿ ಕಡಿಮೆ ಬಿತ್ತು. ನಿಮ್ಮಪ್ಪ ಜೇಬಿನಿಂದ ತೆಗೆದು ಕೊಟ್ಟರು. ವೇಬ್ರಿಡ್ಜಿನಲ್ಲಿ ಕೊಟ್ಟ ಮೊದಲ ಕೂಲಿಯಂತೆ. ಅದು ನನಗೆ ಹೇಳಿರಲಿಲ್ಲ. ಈ ಮನುಷ್ಯ ಏನನ್ನೂ ಹೇಳುವುದಿಲ್ಲ.

ಹಾಗೇ ಬಸ್ಸು ಹತ್ತಿ ಬ್ಯಾಂಕಿಗೆ ಹೋದೆವು. ನಾನು ಬ್ಯಾಂಕಿನ ಒಳಗೆ ಹೋಗಿದ್ದು ಇದೇ ಮೊದಲು. ಜನಾರ್ದನ ಎಂಬುವವರು ನಿಮ್ಮಪ್ಪನ ಹೆಸರು ಕೇಳಿ ಎದ್ದು ನಿಂತರು. "ಅರ್ಜಿ ಬರೆದೋರು ನೀವೇನಾ? ನಮ್ಮನೇಲೂ ಅವತ್ತು ಕಲಶ ಇಟ್ಟಿದ್ವಿ ಅಮ್ಮ. ಏನ್ ಮಾಡೋದು, ಸಿಸ್ಟಮ್ಮಿಗೆ ಹಬ್ಬ ಗೊತ್ತಾಗಲ್ಲ" ಎಂದರು. ಆರು ಸಾವಿರದ ಇನ್ನೂರು ನಾನೇ ಎಣಿಸಿ ಕೊಟ್ಟೆ. ಶುಕ್ರವಾರ, ನನ್ನ ಕೈಯಿಂದ. ಹಳೇ ಬಡ್ಡಿ ಮತ್ತೆ ಬಂತು ಎಂದು ಕಾಗದದಲ್ಲಿ ಸೀಲು ಹಾಕಿಸಿಕೊಂಡು ಬಂದಿದ್ದೇವೆ. ರಸೀದಿ ಇದರಲ್ಲಿದೆ, ತಾರೀಖು ನೋಡಿಕೋ.

ನಿನ್ನ ದುಡ್ಡು ತೆಗೆದು ಬ್ಯಾಂಕಿಗೆ ಹಾಕಬೇಡ. ಫೀಸು ಕಟ್ಟು. ಮುಂದಿನ ವರ್ಷ ತೆಂಗಿನಕಾಯಿಗೆ ಅರಿಶಿನ ಮೆತ್ತಿ ಕಣ್ಣು ಮೂಗು ಬರೆಯುತ್ತೇನೆ. ನಮ್ಮಮ್ಮ ಹಾಗೇ ಮಾಡುತ್ತಿದ್ದುದು, ದೇವಿ ಆಗಲೂ ಬರುತ್ತಿದ್ದಳು.

ಚಟ್ನಿಪುಡಿಗೆ ಖಾರ ಕಮ್ಮಿ ಮಾಡಿದ್ದೇನೆ.

ಅಮ್ಮ
ಯಲ್ಲಮ್ಮ


ರವೀಂದ್ರನಗರ, ಶಿವಮೊಗ್ಗ
5-11-2007

ಅಪ್ಪಾ,

ಇವತ್ತು ಫೀಸು ಕಟ್ಟಿದೆ. ರಸೀದಿಯ ನಕಲು ಇಟ್ಟಿದ್ದೇನೆ, ಅಮ್ಮನಿಗೆ ತೋರಿಸು. ಗೋವಿಂದಯ್ಯನವರು ಲೈಬ್ರರಿಯ ಬೀಗದ ಕೈ ಕೊಟ್ಟು, ಈಗಿನಿಂದಲೇ ಸಂಜೆ ಒಂದು ಗಂಟೆ ಕೂತು ಅಭ್ಯಾಸ ಮಾಡಿಕೋ ಎಂದಿದ್ದಾರೆ.

ಅಮ್ಮನ ಕಾಗದ ಓದಿ ವಸಂತಮ್ಮನವರ ಮೆಟ್ಟಿಲ ಮೇಲೆ ಕೂತು ಅತ್ತೆ. ಅವರು ಗಾಬರಿಯಾಗಿ ನೀರು ತಂದುಕೊಟ್ಟರು. ಆಮೇಲೆ ಒಂದು ವಿಷಯ ಹೇಳಿದರು. ಪ್ರತಿ ತಿಂಗಳು ನೀನು ಡಬ್ಬಿ ಕೊಟ್ಟ ಮೇಲೂ ಹೋಗದೆ, ಗೇಟಿನ ಹತ್ತಿರ ನಿಂತು ನನ್ನ ಕೋಣೆಯ ಕಿಟಕಿ ನೋಡುತ್ತಿದ್ದೆಯಂತೆ. ನಾನು ಆ ಹೊತ್ತಿಗೆ ಶಾಲೆಯಲ್ಲಿರುತ್ತೇನೆ ಎಂದು ನಿನಗೆ ಗೊತ್ತು. ಬೀಗ ಹಾಕಿದ ಕೋಣೆ ನೋಡಲು ಏನಿತ್ತಪ್ಪಾ?

ಸಿಟ್ಟು ಹೋಗಿಲ್ಲ. ನೀನು ಒಂದು ದಿನ ತಡ ಮಾಡಿದ್ದಕ್ಕಲ್ಲ. ಆ ಕಲಶದ ಮುಂದೆ ನಾನಿದ್ದರೂ ನನ್ನ ಕೈ ಹಿಂದಕ್ಕೇ ಬರುತ್ತಿತ್ತೇನೋ. ನನ್ನನ್ನು ಅಷ್ಟು ಜನರ ಮುಂದೆ ನಿನ್ನ ಪರವಾಗಿ ಕೂಗಲು ಬಿಟ್ಟು, ನೀನು ಭದ್ರಾವತಿಯಲ್ಲಿ ಸುಮ್ಮನೆ ಕೂತಿದ್ದೆಯಲ್ಲ, ಅದಕ್ಕೆ. ಈ ಜಗಳ ಎದುರೆದುರು ಕೂತು ಆಡಬೇಕು, ಪೋಸ್ಟಿನಲ್ಲಿ ಆಗುವುದಿಲ್ಲ. ಗುರುವಾರ ನರಕ ಚತುರ್ದಶಿಗೆ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಎಣ್ಣೆ ಸ್ನಾನಕ್ಕೆ ನೀರು ಕಾಯಿಸಿಡಲು ಅಮ್ಮನಿಗೆ ಹೇಳು.

ಮುಂಗಡ ಕಟ್ಟಿರುವುದರಿಂದ ಇನ್ನು ಜನವರಿಯವರೆಗೆ ಕಂತಿಲ್ಲ. ಜನವರಿ ಇಪ್ಪತ್ತನಾಲ್ಕು ಗುರುವಾರ, ಕ್ಯಾಲೆಂಡರ್ ನೋಡಿದ್ದೇನೆ. ಆವತ್ತು ನೀನು ಬಾ, ನಾನು ರಜೆ ಹಾಕುತ್ತೇನೆ, ಇಬ್ಬರೂ ಹೋಗಿ ಸಾಲಿನಲ್ಲಿ ನಿಲ್ಲೋಣ.

ಗೋಡೆಯ ಫೋನಿನ ವೈರನ್ನು ಮತ್ತೆ ಸಿಕ್ಕಿಸು. ನನ್ನ ಹೊಸ ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಯಾರು ಎಷ್ಟೇ ಪ್ರೀತಿಯಿಂದ ಕೇಳಿದರೂ ಕೊಡಬೇಡ. ಇದಕ್ಕೆ ಉತ್ತರ ಬರೆಯಲು ಕೂರಬೇಡ ಅಪ್ಪಾ, ಫೋನ್ ಮಾಡು.

ನಿನ್ನ
ಇಂಪನಾ